ಹೆಜ್ಜೆ, ಹಿಕ್ಕೆ, ಕೆರೆತ: ಕಾಡುಪ್ರಾಣಿಗಳ ಗುರುತು ಓದಲು ಕಲಿಯುವವರಿಗೆ ಟಿಪ್ಪಣಿ

ಇದನ್ನು ಕಲಿಯಲು ನಾಗರಹೊಳೆಗೋ ಬಂಡೀಪುರಕ್ಕೋ ಹೋಗಬೇಕಿಲ್ಲ. ಅಲ್ಲಿ ಸಫಾರಿ ಗಾಡಿಯಿಂದ ಇಳಿಯಲು ಬಿಡುವುದಿಲ್ಲ, ಹೆಜ್ಜೆ ಓದಬೇಕಾದರೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಬೇಕು. ತೋಟದ ಬೇಲಿ ಅಂಚು, ಹಳ್ಳದ ಮರಳು, ಕೆರೆ ದಂಡೆಯ ಒದ್ದೆ ಮಣ್ಣು, ಮಳೆ ನಿಂತ ಮಾರನೇ ದಿನದ ಮಣ್ಣುರಸ್ತೆ ಸಾಕು. ನಾನು ಎರಡು ವರ್ಷದಿಂದ ನಮ್ಮ ಅಡಿಕೆ ತೋಟದ ಹಿಂದಿನ ಹಳ್ಳದಲ್ಲೇ ಕಲಿಯುತ್ತಿದ್ದೇನೆ.

ಬೆಳಗ್ಗೆ ಬೇಗ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಹೆಜ್ಜೆಯ ಗುಳಿಯಲ್ಲಿ ನೆರಳು ನಿಲ್ಲುತ್ತದೆ, ಅಂಚು ಎದ್ದು ಕಾಣುತ್ತದೆ. ನಿಮಗೂ ಸೂರ್ಯನಿಗೂ ನಡುವೆ ಹೆಜ್ಜೆ ಇರುವ ಹಾಗೆ ನಿಲ್ಲಿ. ಅದೇ ಹೆಜ್ಜೆ ಮಧ್ಯಾಹ್ನ ಹೋದರೆ ಕಣ್ಣಿಗೇ ಬೀಳುವುದಿಲ್ಲ.

ಮೊದಲು ಕೇಳಬೇಕಾದದ್ದು, ಇದು ಬೆಕ್ಕಿನ ಜಾತಿಯೋ ನಾಯಿಯ ಜಾತಿಯೋ ಅಂತ. ಎರಡಕ್ಕೂ ನಾಲ್ಕು ಬೆರಳು, ಹಿಂದೆ ಒಂದು ದಿಂಡು, ಅಂದರೆ ಅಂಗಾಲಿನ ಮೆತ್ತನೆ ಉಬ್ಬು. ಹುಲಿ, ಚಿರತೆ, ಕಾಡುಬೆಕ್ಕು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತವೆ, ಅದಕ್ಕೇ ಉಗುರಿನ ಗುರುತು ಬೀಳುವುದಿಲ್ಲ. ನಾಯಿ, ನರಿ, ಸೀಳುನಾಯಿ, ಕತ್ತೆಕಿರುಬಕ್ಕೆ ಬೀಳುತ್ತದೆ. ಎಲ್ಲರೂ ಹೇಳಿಕೊಡುವುದು ಇದನ್ನೇ. ಆದರೆ ಗಟ್ಟಿ ನೆಲದಲ್ಲಿ ನಾಯಿಯ ಉಗುರೂ ಮೂಡದೇ ಇರಬಹುದು, ಜಾರುವ ಕೆಸರಿನಲ್ಲಿ ಬೆಕ್ಕಿನದ್ದೂ ಮೂಡಬಹುದು. ಹಾಗಾಗಿ ನಾನು ಈಗ ಮೊದಲು ದಿಂಡು ನೋಡುತ್ತೇನೆ. ಬೆಕ್ಕಿನ ದಿಂಡು ದೊಡ್ಡದು, ಅಗಲ, ಹಿಂದಿನ ಅಂಚಿನಲ್ಲಿ ಮೂರು ಉಬ್ಬು. ನಾಯಿಯದ್ದು ಚಿಕ್ಕದು, ತ್ರಿಕೋನದ ಥರ. ನಾಯಿಯ ಹೆಜ್ಜೆಯಲ್ಲಿ ಬೆರಳಿಗೂ ದಿಂಡಿಗೂ ನಡುವಿನ ಜಾಗದಲ್ಲಿ ಕಡ್ಡಿಯಿಂದ ಒಂದು ಗುಣಾಕಾರದ ಚಿಹ್ನೆ ಎಳೆಯಬಹುದು, ಗೆರೆ ಎಲ್ಲೂ ತಾಗುವುದಿಲ್ಲ. ಬೆಕ್ಕಿನದ್ದರಲ್ಲಿ ಗೆರೆ ದಿಂಡಿಗೆ ಬಡಿಯುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಮೊದಲ ಮಳೆಗಾಲದಲ್ಲಿ ಹಳ್ಳದ ಕೆಸರಿನಲ್ಲಿ ಒಂಬತ್ತು ಸೆಂಟಿಮೀಟರ್ ಅಗಲದ ಹೆಜ್ಜೆ ಸಿಕ್ಕಿತು. ಉಗುರು ಕಾಣಲಿಲ್ಲ. ಚಿರತೆ ಅಂತ ಪಕ್ಕದ ಮನೆಯವರಿಗೆ ಹೇಳಿಬಿಟ್ಟೆ, ಅವರು ಎರಡು ದಿನ ದನಗಳನ್ನು ಕೊಟ್ಟಿಗೆಯಿಂದ ಹೊರಗೇ ಬಿಡಲಿಲ್ಲ. ಮೂರನೇ ದಿನ ಅದೇ ಜಾಡು ಹಿಡಿದು ದಿಬ್ಬ ಹತ್ತಿದೆ. ಮೇಲೆ ಗಟ್ಟಿ ಕೆಮ್ಮಣ್ಣಿನಲ್ಲಿ ಅದೇ ಹೆಜ್ಜೆ ಏಳು ಸೆಂಟಿಮೀಟರ್ ಆಗಿತ್ತು, ಮುಂದಿನ ಎರಡು ಬೆರಳಿನ ಎದುರು ಉಗುರಿನ ಚುಕ್ಕೆ ಸ್ಪಷ್ಟವಾಗಿ ಇತ್ತು. ಅದು ದೊಡ್ಡ ಊರುನಾಯಿ. ಕೆಸರಿನಲ್ಲಿ ಕಾಲು ಹೂತು ಬೆರಳು ಅಗಲಿಸಿ ಹೆಜ್ಜೆ ಹಿಗ್ಗಿತ್ತು, ಉಗುರಿನ ಗುಳಿ ಮುಚ್ಚಿಹೋಗಿತ್ತು. ಆಮೇಲಿಂದ ನನ್ನ ನಿಯಮ ಇಷ್ಟೇ: ಕನಿಷ್ಠ ಹತ್ತು ಹೆಜ್ಜೆ ನೋಡದೆ ಪ್ರಾಣಿಯ ಹೆಸರು ಬರೆಯುವುದಿಲ್ಲ, ಅಳತೆಯ ಪಕ್ಕದಲ್ಲಿ ಮಣ್ಣು ಎಂಥದ್ದು ಅಂತ ತಪ್ಪದೆ ಬರೆಯುತ್ತೇನೆ.

ಇದು ಹೊಸಬರ ತೊಂದರೆ ಮಾತ್ರ ಅಲ್ಲ. ನಮ್ಮ ದೇಶದ ಹುಲಿ ಗಣತಿ ಎಷ್ಟೋ ವರ್ಷ ಹೆಜ್ಜೆಯ ಮೇಲೇ ನಡೆದದ್ದು. 1966ರಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ ರೂಪಿಸಿದ ವಿಧಾನ ಅದು. ಹೆಜ್ಜೆಯ ಮೇಲೆ ಗಾಜು ಇಟ್ಟು ಅಂಚನ್ನು ಬರೆದುಕೊಳ್ಳುವುದು, ಪ್ಲಾಸ್ಟರ್ ಅಚ್ಚು ತೆಗೆಯುವುದು, ಆಮೇಲೆ ಇದು ಈ ಹುಲಿ, ಅದು ಆ ಹುಲಿ ಎಂದು ಬೇರ್ಪಡಿಸುವುದು. ಆದರೆ ಒಂದೇ ಹುಲಿಯ ಹೆಜ್ಜೆ ಧೂಳಿನಲ್ಲಿ ಒಂದು ಥರ, ಒದ್ದೆ ಮರಳಿನಲ್ಲಿ ಇನ್ನೊಂದು ಥರ ಬೀಳುತ್ತದೆ ಅಲ್ವಾ? 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಎಂದು ಗೊತ್ತಾಯಿತು. ಅಲ್ಲಿಯವರೆಗೂ ಹೆಜ್ಜೆಯ ಲೆಕ್ಕದಲ್ಲಿ ಹುಲಿಗಳಿದ್ದವು. ಆಮೇಲೆ ಎಣಿಕೆಗೆ ಕ್ಯಾಮೆರಾ ಟ್ರ್ಯಾಪ್ ಬಂತು, ಪ್ರಾಣಿ ಎದುರು ಬಂದಾಗ ತಾನಾಗಿಯೇ ಫೋಟೋ ತೆಗೆಯುವ ಕ್ಯಾಮೆರಾ. ಪ್ರತಿ ಹುಲಿಯ ಪಟ್ಟೆಯೂ ಬೇರೆ, ಅದನ್ನೇ ಹಿಡಿದು ಎಣಿಸುವ ಕೆಲಸವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1990ರ ದಶಕದಲ್ಲೇ ಮಾಡಿ ತೋರಿಸಿದ್ದರು. ಹಾಗಂತ ಹೆಜ್ಜೆ ಕೆಲಸಕ್ಕೆ ಬಾರದ್ದಾಗಿಲ್ಲ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಗಣತಿಯಲ್ಲಿ ಈಗಲೂ ಫಾರೆಸ್ಟ್ ಗಾರ್ಡ್‌ಗಳು ಮೊದಲು ಕಾಲ್ನಡಿಗೆಯಲ್ಲಿ ಹೆಜ್ಜೆ, ಮಲ, ಕೆರೆತ (ನೆಲ, ಮರವನ್ನು ಉಗುರಿನಿಂದ ಕೆರೆದ ಗುರುತು) ಹುಡುಕುತ್ತಾರೆ. ಪ್ರಾಣಿ ಅಲ್ಲಿ ಇದೆಯೋ ಇಲ್ಲವೋ ಎನ್ನುವುದನ್ನು ಹೆಜ್ಜೆ ಹೇಳುತ್ತದೆ. ಎಷ್ಟಿವೆ ಎಂದು ಕೇಳಿದಾಗ ಅದು ಕೈಕೊಡುತ್ತದೆ.

ಕರಡಿ ಹೆಜ್ಜೆ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಐದು ಬೆರಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ, ಅವುಗಳಿಂದ ದೂರ ಮುಂದಕ್ಕೆ ಉದ್ದ ಉಗುರಿನ ಗುಳಿಗಳು. ಹಿಂಗಾಲಿನದ್ದು ಮನುಷ್ಯನ ಪಾದದಂತೆ ಕಾಣುತ್ತದೆ. ಹತ್ತಿರದಲ್ಲಿ ಬಗೆದ ಗೆದ್ದಲಿನ ಹುತ್ತವೂ ಇರಬಹುದು. ಆನೆಯದ್ದು ಇನ್ನೂ ಸುಲಭ: ಮುಂಗಾಲಿನದ್ದು ದುಂಡಗೆ, ಹಿಂಗಾಲಿನದ್ದು ಮೊಟ್ಟೆಯಂತೆ ಉದ್ದ. ಮುಂಗಾಲಿನ ಸುತ್ತಳತೆಯ ಎರಡು ಪಟ್ಟು ಅದರ ಭುಜದ ಎತ್ತರಕ್ಕೆ ಸುಮಾರು ಸರಿಹೋಗುತ್ತದೆ. ದಾರ ಸುತ್ತಿ 130 ಸೆಂಟಿಮೀಟರ್ ಬಂದರೆ ಆನೆ ಸುಮಾರು ಎಂಟೂವರೆ ಅಡಿ. ಗೊರಸಿನ ಪ್ರಾಣಿಗಳನ್ನು ಬೇರ್ಪಡಿಸುವುದು ನನಗೆ ಇನ್ನೂ ಸರಿಯಾಗಿ ಬಂದಿಲ್ಲ, ಅದರಲ್ಲೂ ಕಾಟಿ (ಕಾಡೆಮ್ಮೆ) ಮತ್ತು ಊರ ದನ. ಹಂದಿ ಮಾತ್ರ ಗೊತ್ತಾಗುತ್ತದೆ, ಮೆತ್ತನೆ ಮಣ್ಣಿನಲ್ಲಿ ಗೊರಸಿನ ಹಿಂದೆ ಎರಡು ಪುಟ್ಟ ಗುರುತು ಅಕ್ಕಪಕ್ಕಕ್ಕೆ ಚಾಚಿ ಬೀಳುತ್ತದೆ.

ಹೆಜ್ಜೆಗಿಂತ ಜಾಸ್ತಿ ಕಥೆ ಹೇಳುವುದು ಮಲ. ಮುಖ ಸಿಂಡರಿಸಬೇಡಿ, ಇದೇ ಈ ವಿಷಯದ ಅತ್ಯಂತ ಸ್ವಾರಸ್ಯದ ಭಾಗ. ಚಿರತೆಯದ್ದರಲ್ಲಿ ತಿಂದ ಪ್ರಾಣಿಯ ಕೂದಲು, ಮೂಳೆಚೂರು ಇರುತ್ತದೆ. ಆ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ಅದು ಜಿಂಕೆಯದ್ದೋ ಕಡವೆಯದ್ದೋ ಎಂದು ಹೇಳಬಹುದು. ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿ ಏನೇನು ತಿನ್ನುತ್ತವೆ ಎಂದು ಕಂಡುಕೊಳ್ಳುವಾಗ ಸಂಶೋಧಕರು ಈ ದಾರಿಯನ್ನೂ ಹಿಡಿದಿದ್ದರು. ಸೀಳುನಾಯಿಯ ಹೆಜ್ಜೆಯನ್ನು ಊರುನಾಯಿಯದ್ದರಿಂದ ಬೇರ್ಪಡಿಸುವುದು ತುಂಬಾ ಕಷ್ಟ, ಆದರೆ ಕಾಡುದಾರಿ ಕೂಡುವ ಕಡೆ ಒಟ್ಟೊಟ್ಟಿಗೆ ಬಿದ್ದಿರುವ ಕೂದಲು ತುಂಬಿದ ಮಲ ನೋಡಿದರೆ ಗುಂಪು ಅಲ್ಲಿ ಬಂದುಹೋಗಿದೆ ಅಂತ ಊಹಿಸಬಹುದು. ನಮ್ಮ ತೋಟದಲ್ಲಿ ಬಂಡೆ ಮೇಲೆ ಕಾಫಿ ಬೀಜ, ಬೈನೆ ಬೀಜ ಇಡಿಯಾಗಿ ಇರುವ ಮಲ ಸಿಕ್ಕರೆ ಅದು ಪುನುಗು ಬೆಕ್ಕಿನದ್ದು. ಹೊಳೆ ನಡುವಿನ ಬಂಡೆಯ ಮೇಲೆ ಮೀನಿನ ಹುರುಪೆ, ಏಡಿ ಚಿಪ್ಪು ತುಂಬಿದ್ದು ಸಿಕ್ಕರೆ ನೀರುನಾಯಿ. ತುಂಗಭದ್ರೆಯ ದಡದ ಓದುಗರಿಗೆ ಇದು ಸುಲಭವಾಗಿ ಸಿಗಬಹುದು, ಅಲ್ಲಿ ನೀರುನಾಯಿಗೆಂದೇ 2015ರಲ್ಲಿ ಸಂರಕ್ಷಿತ ಪ್ರದೇಶ ಆಗಿದೆ. ಯಾವುದನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಹುಳದ ಮೊಟ್ಟೆಗಳಿರುತ್ತವೆ. ಒಂದು ಕಡ್ಡಿ ಸಾಕು.

ಮೂಗನ್ನೂ ಬಳಸಿ. ಹುಲಿ ಗಡಿ ಗುರುತಿಗೆ ಮರಕ್ಕೆ ಚಿಮ್ಮಿಸುವ ದ್ರವಕ್ಕೆ ಬಾಸ್ಮತಿ ಅನ್ನದ ಘಮ ಇರುತ್ತದೆ. ಅಕ್ಕಿಗೆ ಪರಿಮಳ ಕೊಡುವ ರಾಸಾಯನಿಕವೇ ಅದರಲ್ಲೂ ಇದೆ. ಊಟದ ವಾಸನೆ ಕಾಡಿನ ಮಧ್ಯೆ ಬಂದರೆ ಸುಮ್ನೆ ವಾಪಸ್ ಬನ್ನಿ.

ಗುರುತು ಎಷ್ಟು ಹಳೆಯದು ಅನ್ನುವುದನ್ನು ಅಭ್ಯಾಸ ಮಾಡಲು ಒಂದು ಉಪಾಯ. ನಿಮ್ಮದೇ ಬರಿಗಾಲ ಹೆಜ್ಜೆಯನ್ನು ಸಂಜೆ ಹಳ್ಳದ ಪಕ್ಕ ಒತ್ತಿ, ಬೆಳಗ್ಗೆ, ಮಧ್ಯಾಹ್ನ, ಮಾರನೇ ದಿನ ಹೋಗಿ ನೋಡಿ. ಅಂಚು ಯಾವಾಗ ಉದುರುತ್ತದೆ, ಇರುವೆ ಯಾವಾಗ ಅದರ ಮೇಲೆ ದಾರಿ ಮಾಡುತ್ತದೆ, ಇಬ್ಬನಿ ಹನಿ ಗುಳಿಯೊಳಗೂ ಬಿದ್ದಿದೆಯಾ, ಎಲ್ಲ ಬರೆದಿಡಿ. ಆನೆ ಅಥವಾ ಕರಡಿಯ ಹೆಜ್ಜೆಯ ಅಂಚು ಇನ್ನೂ ಚೂಪಾಗಿದ್ದರೆ, ಲದ್ದಿ ಬಿಸಿಯಾಗಿದ್ದರೆ ಅದರ ಹಿಂದೆ ಹೋಗಬೇಡಿ, ಬಂದ ದಾರಿಯಲ್ಲೇ ತಿರುಗಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಇಡಿ, ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯ ಇಡಿ. ನನ್ನ ಮೊದಲ ವರ್ಷದ ಫೋಟೋಗಳಲ್ಲಿ ಅಳತೆಗೆ ಏನೂ ಇಲ್ಲ, ಈಗ ತೆಗೆದು ನೋಡಿದರೆ ಯಾವುದು ಬೆಕ್ಕಿನ ಮರಿ ಯಾವುದು ಚಿರತೆ ಅಂತ ನನಗೇ ಹೇಳಲು ಬರುತ್ತಿಲ್ಲ.