ಹೇಳದಿದ್ದರೆ ಬಾಕ್ಸ್ ಅಂತಲೇ ಲೆಕ್ಕ

ಕೋಲಾರದ ಎಪಿಎಂಸಿಯಲ್ಲಿ ಹರಾಜಿನ ಹೊತ್ತಿಗೆ ಸುಮ್ನೆ ನಿಂತು ಕೇಳಿಸಿಕೊಳ್ಳಿ. 'ಇವತ್ತು ಬಾಕ್ಸ್ ಎಷ್ಟಕ್ಕೆ ಹೋಯ್ತು?' ಅಷ್ಟೇ ಮಾತು. ಯಾವುದರ ಬಾಕ್ಸ್, ಎಷ್ಟು ಕೆಜಿ ಅಂತ ಯಾರೂ ಕೇಳುವುದಿಲ್ಲ. ಟೊಮೆಟೊ, 15 ಕೆಜಿ. ಬೇರೆ ಏನಾದರೂ ಆದರೆ ಮಾತ್ರ ಬಾಯಿಬಿಟ್ಟು ಹೇಳಬೇಕು.

ಪ್ರೋಗ್ರಾಮಿಂಗ್‌ನಲ್ಲಿ ಇದಕ್ಕೆ ಡಿಫಾಲ್ಟ್ ಟೈಪ್ ಪ್ಯಾರಾಮೀಟರ್ ಅಂತ ಉದ್ದದ ಹೆಸರಿದೆ. ಟೈಪ್ ಅಂದರೆ ಮಾಹಿತಿ ಯಾವ ಬಗೆಯದು ಅನ್ನುವುದು, ಕ್ಲಾಸ್ ಅಂದರೆ ಮಾಹಿತಿ ಇಡಲು ಬರೆದ ಅಚ್ಚು. ಜನರಿಕ್ ಕ್ಲಾಸ್ ಅಂದರೆ ಟೈಪ್‌ನ ಜಾಗ ಖಾಲಿ ಬಿಟ್ಟು ಬರೆದ ಕ್ಲಾಸ್. ಬಳಸುವವರು ಅದನ್ನು ಆಮೇಲೆ ತುಂಬುತ್ತಾರೆ. ತುಂಬದಿದ್ದರೆ ಏನು ಹಿಡಿಯಬೇಕು ಅಂತ ಬರೆದವರು ಮೊದಲೇ ಹೇಳಿಟ್ಟರೆ ಅದೇ ಡಿಫಾಲ್ಟ್. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಮಾಹಿತಿಯನ್ನು ಸಾಲಾಗಿ ಇಡುವ ವೆಕ್ಟರ್‌ಗೆ ಇಂಥ ಎರಡನೇ ಜಾಗವೊಂದಿದೆ, ಮೆಮೊರಿ ಹಂಚುವ ಅಲೊಕೇಟರ್‌ಗೆ. ಅದಿದೆ ಅಂತ ಗೊತ್ತಿಲ್ಲದೆಯೇ ವರ್ಷಗಟ್ಟಲೆ ಕೋಡ್ ಬರೆದವರಿದ್ದಾರೆ. ಟೈಪ್‌ಸ್ಕ್ರಿಪ್ಟ್‌ಗೆ ಈ ಸೌಲಭ್ಯ ಬಂದದ್ದು 2017ರಲ್ಲಿ, ಪೈಥಾನ್‌ಗೆ 2024ರಲ್ಲಿ. ಜಾವಾದಲ್ಲಿ ಇಲ್ಲ. ಅಲ್ಲಿ ಟೈಪ್ ಬಿಟ್ಟು ಬರೆದರೆ ಅದು 'ರಾ ಟೈಪ್' ಆಗುತ್ತದೆ, ಕೋಡ್‌ನ ತಪ್ಪು ಹಿಡಿಯುವ ಕಂಪೈಲರ್‌ನ ಕಾವಲೇ ಸಡಿಲವಾಗುತ್ತದೆ. ಎರಡೂ ಒಂದೇ ಅಂದುಕೊಳ್ಳಬೇಡಿ.

ನಮ್ಮ ಚಿಕ್ಕಪ್ಪನ ಮಂಡಿಗೆ ಟೈಪ್‌ಸ್ಕ್ರಿಪ್ಟ್‌ನಲ್ಲಿ ಒಂದು ಲೆಕ್ಕದ ಪ್ರೋಗ್ರಾಂ ಬರೆದಿದ್ದೆ. ಅದರಲ್ಲಿ ಲಾಟ್<ಮಾಲು> ಅಂತ ಒಂದು ಕ್ಲಾಸ್. ಎಲ್ಲವೂ ಬಾಕ್ಸ್ ಲೆಕ್ಕ. ಕೆಲವು ತಿಂಗಳು ಬಿಟ್ಟು ಚಿಕ್ಕಪ್ಪ, 'ಬೀನ್ಸ್‌ನ ಕೆಜಿ ಲೆಕ್ಕದಲ್ಲಿ ಹಾಕೋ' ಅಂದರು. ಸರಿ, ಲಾಟ್<ಮಾಲು, ಅಳತೆ> ಅಂತ ಎರಡನೇ ಜಾಗ ಮಾಡಬೇಕು. ಮಾಡಿದರೆ ಹಳೆಯ ಕೋಡ್‌ನಲ್ಲಿ ಲಾಟ್<ಟೊಮೆಟೊ> ಅಂತ ಬರೆದ ಕಡೆಯೆಲ್ಲ, ಅಳತೆ ತುಂಬಿಲ್ಲ ಅಂತ ತಪ್ಪು ತೋರಿಸುವ ಕೆಂಪು ಗೆರೆ. 'ಅಳತೆ = ಬಾಕ್ಸ್' ಅಂತ ಡಿಫಾಲ್ಟ್ ಕೊಟ್ಟೆ. ಹಳೆಯದು ಒಂದಕ್ಷರವೂ ಬದಲಾಗದೆ ಓಡಿತು. ಡಿಫಾಲ್ಟ್‌ನ ನಿಜವಾದ ಉಪಯೋಗ ಇದೇ ಅಂತ ನನ್ನ ಅಭಿಪ್ರಾಯ. ಕೀಬೋರ್ಡ್ ಕುಟ್ಟುವ ಶ್ರಮ ಉಳಿಯುವುದು ಆಮೇಲಿನ ಮಾತು.

ಒಂದು ನಿಯಮವಿದೆ: ಡಿಫಾಲ್ಟ್ ಇರುವುದು ಕೊನೆಯಲ್ಲೇ ಬರಬೇಕು, ಅದರ ನಂತರ ಕಡ್ಡಾಯದ ಜಾಗ ಬರುವ ಹಾಗಿಲ್ಲ. ಬಸ್ಸಿನಲ್ಲಿ ಇಳಿಯುವವರು ಬಾಗಿಲ ಹತ್ತಿರ ನಿಲ್ಲುವ ಹಾಗೆ, ಬಿಟ್ಟುಹೋಗಬಹುದಾದದ್ದು ತುದಿಯಲ್ಲಿರಬೇಕು.

ಎಡವಟ್ಟು ಆದದ್ದು ಬೀನ್ಸ್‌ನಲ್ಲೇ. ಹಳೆಯ ಒಂದೆರಡು ಕಡೆ ಲಾಟ್<ಬೀನ್ಸ್> ಅಂತಲೇ ಉಳಿದಿತ್ತು. ಕಂಪೈಲರ್ ಪಾಲಿಗೆ ಅದು ಬಾಕ್ಸ್‌ಗಳಲ್ಲಿ ಅಳೆದ ಬೀನ್ಸ್, ತಪ್ಪೇನೂ ಇಲ್ಲ. 40 ಕೆಜಿ ಹೋಗಿ 40 ಬಾಕ್ಸ್ ಆಯ್ತು. ಚೀಟಿ ನೋಡಿ ಚಿಕ್ಕಪ್ಪ ನಕ್ಕರು, ನನಗೆ ನಗು ಬರಲಿಲ್ಲ.

ಅವತ್ತು ರಾತ್ರಿ ಡಿಫಾಲ್ಟ್ ತೆಗೆದುಹಾಕಿದೆ. ಪರದೆ ತುಂಬ ಕೆಂಪು ಗೆರೆ. ಒಂದೊಂದಾಗಿ ನೋಡಿ, ಬೀನ್ಸ್ ಇದ್ದ ಕಡೆಯೆಲ್ಲ ಕೆಜಿ ಅಂತ ಬರೆದೆ. ಟೊಮೆಟೊ ಸಾಲುಗಳನ್ನು ಮುಟ್ಟಲಿಲ್ಲ. ಆಮೇಲೆ '= ಬಾಕ್ಸ್' ಅಂತ ವಾಪಸ್ ಹಾಕಿ ಮಲಗಿದೆ.