ಕೈಬಿಟ್ಟರೆ ಮುಚ್ಚಿಕೊಳ್ಳುವ ಬಾವಿ

ಆಂಧ್ರದ ಕಾಕಿನಾಡ ಕರಾವಳಿಯಾಚೆ, ಬಂಗಾಳ ಕೊಲ್ಲಿಯ ಕೆಜಿ-ಡಿ6 ವಲಯದಲ್ಲಿ 2020ರ ಡಿಸೆಂಬರ್‌ನಲ್ಲಿ ಅನಿಲ ಕೊಡತೊಡಗಿದ ‘ಆರ್ ಕ್ಲಸ್ಟರ್’ ಬಾವಿಗಳ ಬಾಯಿ ಇರುವುದು ನೀರಿನ ಮೇಲ್ಮೈಯಿಂದ ಎರಡು ಕಿಲೋಮೀಟರಿಗೂ ಕೆಳಗೆ. ಹತ್ತು ಮೀಟರ್ ಇಳಿದಂತೆಲ್ಲ ಒತ್ತಡ ಒಂದು ವಾಯುಭಾರದಷ್ಟು ಏರುತ್ತದೆ ಎಂಬ ಲೆಕ್ಕ ಹಿಡಿದರೆ, ಅಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಇನ್ನೂರು ಕಿಲೋ ಭಾರ ಕೂತಂತಾಗುತ್ತದೆ. ಬೆಳಕು ಅಲ್ಲಿಗೆ ಇಳಿಯುವುದಿಲ್ಲ. ನೀರು ಫ್ರಿಜ್ಜಿನ ಒಳಗಿನಷ್ಟು ತಣ್ಣಗಿರುತ್ತದೆ. ಒತ್ತಡದ ಕೋಣೆಯಲ್ಲೇ ವಾರಗಟ್ಟಲೆ ಬದುಕುವ ವೃತ್ತಿಪರ ಮುಳುಗುಗಾರರೂ ಸಾಮಾನ್ಯವಾಗಿ 300 ಮೀಟರಿನಾಚೆ ಕೆಲಸಕ್ಕೆ ಇಳಿಯುವುದಿಲ್ಲ. ಅಂದರೆ ಈ ಬಾವಿಗಳನ್ನು ಒಮ್ಮೆ ಕೂಡಿಸಿದ ಮೇಲೆ ಅವುಗಳ ವಾಲ್ವ್‌ಗಳನ್ನು ಮನುಷ್ಯನ ಕೈ ಮುಟ್ಟುವ ಮಾತೇ ಇಲ್ಲ. ಕೈಗೆಟುಕದ ವಾಲ್ವನ್ನು ನಂಬುವುದು ಹೇಗೆ? ಎಂಜಿನಿಯರುಗಳ ಉತ್ತರ ಸರಳವಾಗಿದೆ: ಯಾರೂ ಏನೂ ಮಾಡದಿದ್ದರೆ ಅದು ಮುಚ್ಚಿರಬೇಕು, ತೆರೆದಿಡುವುದಕ್ಕಷ್ಟೇ ಶ್ರಮ ಬೇಕಾಗಬೇಕು.

ಲಾರಿ ಓಡಿಸುವವರಿಗೆ ಈ ಉಪಾಯ ಹೊಸತಲ್ಲ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ, ‘ಏರ್ ತುಂಬಲಿ’ ಎಂದು ಅವರು ಸ್ವಲ್ಪ ಹೊತ್ತು ಕಾಯುತ್ತಾರೆ. ದೊಡ್ಡ ಲಾರಿಯ ಪಾರ್ಕಿಂಗ್ ಬ್ರೇಕನ್ನು ಬಿಗಿಹಿಡಿದಿರುವುದು ಸ್ಪ್ರಿಂಗು. ಗಾಳಿಯ ಒತ್ತಡ ಆ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿದಾಗಲಷ್ಟೇ ಚಕ್ರ ಸಡಿಲಗೊಳ್ಳುತ್ತದೆ. ಗಾಳಿಯ ಪೈಪು ಒಡೆದರೆ ಗಾಡಿ ನಿಂತೀತೇ ಹೊರತು ಇಳಿಜಾರಿನಲ್ಲಿ ಓಡಿಹೋಗದು. ಸಮುದ್ರದ ತಳದಲ್ಲಿ ಗಾಳಿಯ ಬದಲು ನೀರು ಮತ್ತು ಗ್ಲೈಕಾಲ್ ಬೆರೆಸಿದ ಹೈಡ್ರಾಲಿಕ್ ದ್ರವ ಈ ಕೆಲಸ ಮಾಡುತ್ತದೆ.

ಬಾವಿಯ ರಚನೆಯನ್ನು ಅರಿಯಲು ನಮ್ಮ ಬೋರ್‌ವೆಲ್‌ನಿಂದಲೇ ಹೊರಡಬಹುದು. ಮಣ್ಣು ಕುಸಿಯದಂತೆ ನಾವು ಇಳಿಸುವ ಕೇಸಿಂಗ್ ಪೈಪು ಅಲ್ಲಿಯೂ ಉಂಟು. ಒಂದರೊಳಗೆ ಇನ್ನೊಂದರಂತೆ ಹಲವು ಸುತ್ತು ಕೇಸಿಂಗ್ ಇಳಿಸಿ, ಪೈಪಿಗೂ ಬಂಡೆಗೂ ನಡುವೆ ಸಿಮೆಂಟ್ ತುಂಬುತ್ತಾರೆ. ಆದರೆ ನಮ್ಮ ಬಾವಿಯ ನೀರನ್ನು ಪಂಪು ಹಾಕಿ ಎತ್ತಬೇಕು. ಅಲ್ಲಿ ತೈಲ ಮತ್ತು ಅನಿಲ ತಾವೇ ನುಗ್ಗಿ ಬರುತ್ತವೆ, ಅವನ್ನು ತಡೆಹಿಡಿಯುವುದೇ ಕಸುಬು. ಬಾವಿಯ ಬಾಯಿಗೆ ಬಿಗಿಯುವ ವಾಲ್ವ್‌ಗಳ ಗೊಂಚಲಿಗೆ ‘ಕ್ರಿಸ್‌ಮಸ್ ಟ್ರೀ’ ಎಂಬ ಹೆಸರು ಹಿಂದೆ ನೆಲದ ಮೇಲಿನ ಬಾವಿಗಳ ಕಾಲದಲ್ಲೇ ಬಿದ್ದಿತ್ತು. ಸಮುದ್ರಕ್ಕೆ ಇಳಿದ ಮೇಲೆ ಅದು ಹತ್ತಾರು ಟನ್ ತೂಗುವ ಉಕ್ಕಿನ ಚೌಕಟ್ಟಾಗಿ, ಮರದ ಹೋಲಿಕೆಯನ್ನೆಲ್ಲ ಕಳೆದುಕೊಂಡಿದ್ದರೂ ಹೆಸರು ಮಾತ್ರ ಉಳಿದುಕೊಂಡಿದೆ. ಅದರಲ್ಲಿ ಮುಖ್ಯ ಹರಿವನ್ನು ತಡೆಯುವ ಮಾಸ್ಟರ್ ವಾಲ್ವ್, ತೈಲವನ್ನು ಪಕ್ಕದ ಕೊಳವೆಗೆ ತಿರುಗಿಸುವ ವಿಂಗ್ ವಾಲ್ವ್, ರಿಪೇರಿಯ ಸಲಕರಣೆ ಇಳಿಸಲು ತೆರೆಯುವ ಸ್ವಾಬ್ ವಾಲ್ವ್ ಇರುತ್ತವೆ.

ನನಗೆ ಇವೆಲ್ಲಕ್ಕಿಂತ ಸೊಗಸೆನಿಸುವುದು ಕಣ್ಣಿಗೆ ಬೀಳದ ಇನ್ನೊಂದು ವಾಲ್ವ್. ಟ್ರೀಯನ್ನೇ ಹಡಗಿನ ಲಂಗರು ಕಿತ್ತೊಯ್ದರೂ ಬಾವಿ ಸುರಕ್ಷಿತವಾಗಿರಲೆಂದು, ಸಮುದ್ರತಳಕ್ಕಿಂತಲೂ ಕೆಳಗೆ, ಬಾವಿಯ ಕೊಳವೆಯೊಳಗೇ ಅದನ್ನು ಕೂಡಿಸುತ್ತಾರೆ. ಅದು ಕೀಲಿನ ಮೇಲೆ ಆಡುವ ಒಂದು ದುಂಡು ಮುಚ್ಚಳ. ಕಾಲು ಇಂಚಿನ ಉಕ್ಕಿನ ನಳಿಕೆಯಲ್ಲಿ ಬರುವ ದ್ರವದ ಒತ್ತಡ ಒಂದು ಒಳಕೊಳವೆಯನ್ನು ಕೆಳಗೆ ತಳ್ಳಿ ಮುಚ್ಚಳವನ್ನು ತೆರೆದಿಟ್ಟಿರುತ್ತದೆ. ಒತ್ತಡ ಬಿದ್ದುಹೋದರೆ ಸ್ಪ್ರಿಂಗು ಒಳಕೊಳವೆಯನ್ನು ಮೇಲೆತ್ತುತ್ತದೆ, ಮುಚ್ಚಳ ಬೀಳುತ್ತದೆ. ಕೆಳಗಿನಿಂದ ನುಗ್ಗುವ ತೈಲವೇ ಅದನ್ನು ಇನ್ನಷ್ಟು ಬಿಗಿಯಾಗಿ ಒತ್ತಿಹಿಡಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಳಿಕೆಯಲ್ಲಿ ನಿಂತ ದ್ರವದ ಕಂಬಕ್ಕೂ ತೂಕವಿದೆ. ಮೇಲಿನಿಂದ ಯಾರೂ ಒತ್ತದಿದ್ದರೂ ಆ ತೂಕವೇ ವಾಲ್ವನ್ನು ತೆರೆದಿಟ್ಟುಬಿಟ್ಟರೆ ಇಡೀ ಉಪಾಯ ವ್ಯರ್ಥವಾಗುತ್ತದೆ. ಆದ್ದರಿಂದ ಆಳ ಹೆಚ್ಚಿದಂತೆ ಸ್ಪ್ರಿಂಗು ಹೆಚ್ಚು ಬಲಶಾಲಿಯಾಗಿರಬೇಕಾಗುತ್ತದೆ.

ದ್ರವ, ವಿದ್ಯುತ್ತು ಮತ್ತು ಸಂದೇಶ ಮೂರನ್ನೂ ಕೆಳಗೆ ಒಯ್ಯುವ ದಪ್ಪನೆಯ ಕೇಬಲ್ಲಿಗೆ ‘ಅಂಬಿಲಿಕಲ್’, ಅಂದರೆ ಹೊಕ್ಕುಳಬಳ್ಳಿ ಎಂದೇ ಹೆಸರು. ಒಂದೊಂದು ವಾಲ್ವಿಗೂ ಒಂದೊಂದು ನಳಿಕೆಯನ್ನು ಹತ್ತಾರು ಕಿಲೋಮೀಟರ್ ಎಳೆದರೆ ಬಳ್ಳಿ ಮರದ ಕಾಂಡದಷ್ಟಾದೀತು. ಒತ್ತಡ ತಲುಪುವಷ್ಟರಲ್ಲಿ ಹೊತ್ತೂ ಮೀರೀತು. ಆದ್ದರಿಂದ ಟ್ರೀಯ ಪಕ್ಕದಲ್ಲೇ ಒಂದು ನಿಯಂತ್ರಣ ಪೆಟ್ಟಿಗೆಯನ್ನಿಟ್ಟು, ಸಂಕೇತ ಬಂದಾಗ ಅಲ್ಲಿನ ಸೊಲೆನಾಯ್ಡ್‌ಗಳೆಂಬ, ವಿದ್ಯುತ್ತಿನಿಂದ ಆಡುವ ಸಣ್ಣ ವಾಲ್ವ್‌ಗಳೇ ದ್ರವವನ್ನು ಬೇಕಾದ ವಾಲ್ವಿನತ್ತ ಬಿಡುವಂತೆ ಮಾಡಿದ್ದಾರೆ.

ಅದೇ ಬಳ್ಳಿಯಲ್ಲಿ ಗ್ಲೈಕಾಲ್ ಅಥವಾ ಮೆಥನಾಲ್ ಹರಿಯುವ ನಳಿಕೆಗಳೂ ಇರುತ್ತವೆ. ಆಳದ ಚಳಿ ಮತ್ತು ಒತ್ತಡದಲ್ಲಿ ಮೀಥೇನ್ ಅನಿಲ ನೀರಿನೊಂದಿಗೆ ಸೇರಿ ಹೈಡ್ರೇಟ್ ಎಂಬ ಮಂಜುಗಡ್ಡೆಯಂಥ ಘನವಸ್ತುವಾಗುತ್ತದೆ. ನೀರು ಹೆಪ್ಪುಗಟ್ಟದ ಉಷ್ಣತೆಯಲ್ಲೂ ಇದು ಗಟ್ಟಿಯಾಗಿ ಕೊಳವೆಯನ್ನು ಕಟ್ಟಿಬಿಡುತ್ತದೆ. ಬಾವಿ ಹರಿಯುತ್ತಿರುವಾಗ ನೆಲದಾಳದ ಬಿಸಿ ಕಾಪಾಡುತ್ತದೆ. ಅಪಾಯವಿರುವುದು ನಿಲ್ಲಿಸಿ ಮತ್ತೆ ಆರಂಭಿಸುವಾಗ.

ವಾಲ್ವ್ ಸಂಕೇತಕ್ಕೆ ಓಗೊಡದಿದ್ದರೆ ಆರ್‌ಒವಿ, ಅಂದರೆ ದೂರದಿಂದ ನಡೆಸುವ ಮುಳುಗುಯಂತ್ರ, ಇಳಿಯುತ್ತದೆ. ಸಣ್ಣ ಕಾರಿನಷ್ಟಿರುವ ಈ ಯಂತ್ರವನ್ನು ನಡೆಸುವವರು ಮೇಲೆ ಹಡಗಿನ ಕತ್ತಲೆ ಕೋಣೆಯಲ್ಲಿ ಪರದೆಗಳ ಮುಂದೆ ಕೂತಿರುತ್ತಾರೆ. ಟ್ರೀಯ ಹಳದಿ ಫಲಕದಲ್ಲಿ ಕಪ್ಪು ಅಕ್ಷರದಲ್ಲಿ ಬರೆದ ವಾಲ್ವಿನ ಹೆಸರನ್ನು ಮೊದಲು ಓದಿಕೊಳ್ಳಬೇಕು. ನೀರಿನಲ್ಲಿ ತೇಲುತ್ತ ಪಾನಾ ತಿರುಗಿಸಿದರೆ ನಟ್ಟಿನ ಬದಲು ತಿರುಗಿಸುವವನೇ ಸುತ್ತುತ್ತಾನೆ. ಹಾಗಾಗಿ ಯಂತ್ರ ಒಂದು ಕೈಯಿಂದ ಫಲಕದ ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದರಿಂದ ತಿರುಪು ಸಾಧನವನ್ನು ಗೂಡಿನೊಳಗೆ ತೂರಿಸುತ್ತದೆ. ಬಲದ ಮಿತಿಯನ್ನು ಮೊದಲೇ ಗೊತ್ತುಮಾಡಿ, ಸುತ್ತುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಎಣಿಕೆ ತಪ್ಪಿದರೆ ವಾಲ್ವ್ ಪೂರ್ತಿ ಮುಚ್ಚಿದೆಯೋ ಅರ್ಧಕ್ಕೇ ಸಿಕ್ಕಿಕೊಂಡಿದೆಯೋ ಎಂಬ ಅನುಮಾನ ಉಳಿಯುತ್ತದೆ. ತಳದ ಹತ್ತಿರ ಪ್ರೊಪೆಲ್ಲರ್ ಜೋರಾಗಿ ತಿರುಗಿತೆಂದರೆ ಹೂಳೆದ್ದು ಪರದೆಯೆಲ್ಲ ಮಸುಕಾಗುತ್ತದೆ. ಆಗ ಹೂಳು ಕೂರುವವರೆಗೆ ಕಾಯುವುದೇ ಕೆಲಸ.

ಬಾವಿಯ ಒಳಗಿನ ರಿಪೇರಿ ಇನ್ನೂ ಕಷ್ಟದ್ದು. ಮೇಣ ಕಟ್ಟಿಕೊಳ್ಳುತ್ತದೆ, ಮರಳು ತುಂಬುತ್ತದೆ, ತೈಲದ ಪದರಕ್ಕೆ ನೀರು ನುಗ್ಗುತ್ತದೆ. ಇದಕ್ಕಾಗಿ ಕೊರೆಯುವ ರಿಗ್ಗನ್ನೇ ಕರೆಸಿದರೆ ದಿನಬಾಡಿಗೆಯೇ ಲಕ್ಷಗಟ್ಟಲೆ ಡಾಲರ್. ನಾರ್ವೆಯವರು ರೂಢಿಗೆ ತಂದ ಅಗ್ಗದ ಹಾದಿಯೆಂದರೆ, ಸಣ್ಣ ಹಡಗಿನಿಂದ ನೇರವಾಗಿ ತೆರೆದ ಸಮುದ್ರದ ಮೂಲಕವೇ ತಂತಿಯಲ್ಲಿ ಸಲಕರಣೆ ಇಳಿಸುವುದು. ಟ್ರೀಯ ತಲೆಯ ಮೇಲೆ ಲೂಬ್ರಿಕೇಟರ್ ಎಂಬ ಉದ್ದನೆಯ ಕೊಳವೆ ನಿಲ್ಲಿಸಿ, ಸಲಕರಣೆಯನ್ನು ಅದರೊಳಗೆ ಸೇರಿಸಿ ಮೇಲಿನಿಂದ ಮುಚ್ಚುತ್ತಾರೆ. ತಂತಿ ಹಾಯುವ ಸಂದಿನಿಂದ ಏನೂ ಸೋರದಂತೆ ಗ್ರೀಸ್ ಒತ್ತುತ್ತಾರೆ. ಒಳಗಿನ ಒತ್ತಡ ಬಾವಿಯ ಒತ್ತಡಕ್ಕೆ ಸಮನಾದ ಮೇಲಷ್ಟೇ ಸ್ವಾಬ್ ವಾಲ್ವ್ ತೆರೆಯುತ್ತಾರೆ. ಅಲೆಗೆ ಹಡಗು ಏರಿಳಿದರೂ ತಂತಿ ಏರಿಳಿಯದಂತೆ ರಾಟೆಯೇ ಹೊಂದಿಸಿಕೊಳ್ಳುತ್ತದೆ. ಲಂಗರು ಹಾಕದೆಯೇ ಕಂಪ್ಯೂಟರ್ ಹಡಗನ್ನು ಒಂದೇ ಜಾಗದಲ್ಲಿ ನಿಲ್ಲಿಸಿರುತ್ತದೆ.

ಇಷ್ಟೆಲ್ಲ ‘ಕೈಬಿಟ್ಟರೆ ಮುಚ್ಚಲಿ’ ಎಂಬ ತತ್ತ್ವದ ಮಾತಾಯಿತು. ಆದರೆ ಬಾವಿ ಅತ್ಯಂತ ಅಪಾಯದಲ್ಲಿರುವ ಕೊರೆತದ ಹಂತದಲ್ಲಿ ಕಾವಲಿಗಿರುವ ಬ್ಲೋಔಟ್ ಪ್ರಿವೆಂಟರ್, ಅಂದರೆ ಬಿಒಪಿ, ಇದಕ್ಕೆ ಹೊರತು. 1922ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಜೇಮ್ಸ್ ಅಬರ್‌ಕ್ರಾಂಬಿ ಮತ್ತು ಹ್ಯಾರಿ ಕ್ಯಾಮರನ್ ರೂಪಿಸಿದ, ಎರಡು ಕಡೆಯಿಂದ ‘ರ‍್ಯಾಮ್’ ಎಂಬ ಉಕ್ಕಿನ ತುಂಡುಗಳು ಬಂದು ಅಮುಕುವ ಸಾಧನವೇ ಇದರ ಮೂಲ. ಇಂದಿನ ಬಿಒಪಿಯ ಕೊನೆಯ ಅಸ್ತ್ರವಾದ ಕತ್ತರಿಸುವ ರ‍್ಯಾಮ್, ಅಡ್ಡಬಂದ ಉಕ್ಕಿನ ಕೊರೆಪೈಪನ್ನೇ ತುಂಡರಿಸಿ ಬಾವಿಯನ್ನು ಮುಚ್ಚಬೇಕು. ಅಷ್ಟು ಬಲ ಸ್ಪ್ರಿಂಗಿನಿಂದ ಬಾರದು; ಜೊತೆಗೆ, ಕೊರೆತ ಸುಸೂತ್ರವಾಗಿ ನಡೆಯುತ್ತಿರುವಾಗ ಅದು ತಾನಾಗಿ ಮುಚ್ಚಿಕೊಂಡರೆ ಅದೇ ಅನಾಹುತ. ಹೀಗಾಗಿ ಇಲ್ಲಿ ಲೆಕ್ಕ ತಿರುಗುಮುರುಗಾಗಿದೆ: ಮುಚ್ಚಲು ಶೇಖರಿಸಿಟ್ಟ ಒತ್ತಡ ಬೇಕು, ಬ್ಯಾಟರಿ ಬೇಕು, ತಂತಿಗಳು ಸರಿಯಿರಬೇಕು.

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಮಕಾಂಡೊ ಬಾವಿ ಸ್ಫೋಟಿಸಿ, ಡೀಪ್‌ವಾಟರ್ ಹೊರೈಝನ್ ರಿಗ್‌ನಲ್ಲಿ 11 ಮಂದಿ ಸತ್ತಾಗ ಈ ವ್ಯತ್ಯಾಸ ಬಯಲಾಯಿತು. ಸುಮಾರು 1,500 ಮೀಟರ್ ಆಳದಲ್ಲಿದ್ದ ಬಿಒಪಿಗೆ ನೀಲಿ, ಹಳದಿ ಎಂಬ ಎರಡು ನಿಯಂತ್ರಣ ಪೆಟ್ಟಿಗೆಗಳಿದ್ದವು. ಮೇಲಿನ ಸಂಪರ್ಕವೆಲ್ಲ ಕಡಿದರೆ ಎರಡರಲ್ಲಿ ಒಂದಾದರೂ ತಾನಾಗಿ ರ‍್ಯಾಮ್ ಮುಚ್ಚಬೇಕಿತ್ತು. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಯ 2014ರ ವರದಿಯ ಪ್ರಕಾರ ನೀಲಿ ಪೆಟ್ಟಿಗೆಯಲ್ಲಿ ತಂತಿ ತಪ್ಪಾಗಿ ಜೋಡಿಸಿದ್ದರಿಂದ ಬ್ಯಾಟರಿ ಬರಿದಾಗಿತ್ತು. ಹಳದಿಯಲ್ಲೂ ಒಂದು ಸೊಲೆನಾಯ್ಡಿನ ತಂತಿ ತಪ್ಪಾಗಿತ್ತು; ಆದರೆ ಅಲ್ಲಿ ಇನ್ನೊಂದು ಬ್ಯಾಟರಿಯೂ ಕೈಕೊಟ್ಟು, ಎರಡು ದೋಷಗಳು ಪರಸ್ಪರ ಹೊಡೆದುಹೋಗಿ, ರ‍್ಯಾಮ್ ಬಹುಶಃ ಆ ರಾತ್ರಿಯೇ ಚಲಿಸಿತು. ಇಂಥ ಅದೃಷ್ಟವೂ ಉಪಯೋಗಕ್ಕೆ ಬರಲಿಲ್ಲ. ಒಳಗಿನ ಒತ್ತಡಕ್ಕೆ ಪೈಪು ಬಾಗಿ ಪಕ್ಕಕ್ಕೆ ಸರಿದಿದ್ದರಿಂದ ಅಲಗುಗಳು ಅದನ್ನು ಪೂರ್ತಿ ಕತ್ತರಿಸಲಾಗದೆ ಜಜ್ಜಿ ತೂತುಮಾಡಿದವು. ಕತ್ತರಿಸುವಾಗ ಪೈಪನ್ನು ನಡುವಿಗೆ ತರುವ ವ್ಯವಸ್ಥೆ ಬಿಒಪಿಯಲ್ಲಿರಬೇಕೆಂದು ಅಮೆರಿಕ 2016ರಲ್ಲಿ ನಿಯಮ ಮಾಡಿತು.

ಸೋರುವ ತೈಲವನ್ನು ತಡೆಯುವ ಮುಂದಿನ ಪ್ರಯತ್ನಗಳಲ್ಲಿ ಒಂದನ್ನು ಕೆಡಿಸಿದ್ದು ಹೈಡ್ರೇಟ್. ಸೋರಿಕೆಯ ಮೇಲೆ ಮುಚ್ಚಳದಂತೆ ಇಳಿಸಿದ ಸುಮಾರು ನೂರು ಟನ್ನಿನ ಉಕ್ಕಿನ ಗೋಪುರದೊಳಗೆ ಅದು ಕಟ್ಟಿಕೊಂಡು ದ್ವಾರವನ್ನೇ ಮುಚ್ಚಿಬಿಟ್ಟಿತು. ಭಾರದ ಕೆಸರನ್ನು ಬಾವಿಗೆ ಒತ್ತಿ ತಳ್ಳುವುದೂ ಫಲಿಸಲಿಲ್ಲ. ಕೊನೆಗೆ ಆರ್‌ಒವಿಗಳು ಮುರಿದ ಪೈಪನ್ನು ಕತ್ತರಿಸಿ, ನಟ್ಟುಗಳನ್ನು ಬಿಚ್ಚಿ, ಹಳೆಯ ಬಿಒಪಿಯ ತಲೆಯ ಮೇಲೆ ಮೂರು ರ‍್ಯಾಮ್‌ಗಳ ಹೊಸ ‘ಕ್ಯಾಪಿಂಗ್ ಸ್ಟ್ಯಾಕ್’ ಕೂಡಿಸಿದವು. ಇಂಥ ಮುಚ್ಚಳಗಳು ಈಗ ನಾರ್ವೆ, ಬ್ರೆಜಿಲ್, ದಕ್ಷಿಣ ಆಫ್ರಿಕಾ, ಸಿಂಗಪುರಗಳಲ್ಲಿ ಹಡಗು ಹತ್ತಲು ಸಿದ್ಧವಾಗಿ ಕಾದಿವೆ.

ಜುಲೈ 15ರಂದು, 87ನೆಯ ದಿನ, ಹರಿವು ನಿಂತಿತು. ಆದರೆ ಮುಚ್ಚಳದ ಕೆಳಗಿನ ಒತ್ತಡ ನಿರೀಕ್ಷಿಸಿದಷ್ಟು ಏರಲಿಲ್ಲ. ಕೇಸಿಂಗ್ ಒಡೆದು ತೈಲ ಬಂಡೆಯೊಳಗೆ ಸೋರುತ್ತಿದೆಯೇ? ಹಾಗಿದ್ದರೆ ಸಮುದ್ರತಳವೇ ಬಿರಿಯಬಹುದು. ವಾಲ್ವ್‌ಗಳನ್ನು ಮತ್ತೆ ತೆರೆದು ತೈಲವನ್ನು ಹರಿಯಬಿಡಬೇಕಾಗುತ್ತದೆ. ಪರದೆಯ ಮೇಲಿನ ಒತ್ತಡದ ನಕ್ಷೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಪಾಲ್ ಶೇ ಅವರಿಗೆ ಕಳಿಸಲಾಯಿತು. ಅವರು ತೈಲ ತಜ್ಞರಲ್ಲ, ಅಂತರ್ಜಲ ವಿಜ್ಞಾನಿ. ಬೋರ್‌ವೆಲ್ ನೀರಿನ ಮಟ್ಟ ಹೇಗೆ ಇಳಿಯುತ್ತದೆ, ಹೇಗೆ ಚೇತರಿಸಿಕೊಳ್ಳುತ್ತದೆ ಎಂದು ಲೆಕ್ಕಹಾಕುವ ಮಾದರಿಯನ್ನೇ ರಾತ್ರಿಯೆಲ್ಲ ಕೂತು ಈ ಬಾವಿಗೆ ಹೊಂದಿಸಿದ ಅವರು, ಮೂರು ತಿಂಗಳ ಹರಿವಿನಿಂದ ತೈಲದ ಪದರವೇ ಬಳಲಿದೆ, ಒತ್ತಡ ಕಡಿಮೆಯಿರಲು ಅಷ್ಟೇ ಸಾಕು, ಸೋರಿಕೆ ಇರಲೇಬೇಕೆಂದಿಲ್ಲ ಎಂದು ತೋರಿಸಿದರು. ವಾಲ್ವ್‌ಗಳನ್ನು ಮತ್ತೆ ತೆರೆಯಲಿಲ್ಲ. ಆಗಸ್ಟಿನಲ್ಲಿ ಬಾವಿಗೆ ಮೇಲಿನಿಂದ ಕೆಸರು, ಸಿಮೆಂಟ್ ತುಂಬಿದರು. ಪಕ್ಕದಿಂದ ಕೊರೆದು ತಂದ ಇನ್ನೊಂದು ಬಾವಿಯ ಮೂಲಕ ಬುಡಕ್ಕೂ ಸಿಮೆಂಟ್ ಇಳಿಸಿ, ಸೆಪ್ಟೆಂಬರ್ 19ರಂದು ಬಾವಿ ಸತ್ತಿತೆಂದು ಘೋಷಿಸಿದರು.