ದಮ್ ಅದ, ಆದ್ರ ಕಾಲು ಯಾಕ ಕುಂಟ್ತದ?

ಅಕ್ಕಲಕೋಟ ಕಡಿಂದ ಒಬ್ಬರು ಕೇಳ್ಯಾರ: "ಅಣ್ಣಾ, ಅಕ್ಲೂಜ್ ಬಜಾರದಾಗ ತಗೊಂಡ ಕುದುರಿ, ಎರಡು ತಿಂಗಳು ದಿನಾ ಓಡ್ಸೀನಿ, ಈಗ ಎಷ್ಟು ಓಡಿದ್ರೂ ತೇಕೂದಿಲ್ಲ, ಆದ್ರ ಮೊನ್ನಿಂದ ಮುಂಗಾಲು ಕುಂಟ್ಲಿಕತ್ತದ. ಇಷ್ಟು ತಯಾರಾದ ಕುದುರಿಗಿ ಹಿಂಗ್ಯಾಕ?"

ಖರೆ ಹೇಳ್ಬೇಕಂದ್ರ ಕುದುರಿ ತಯಾರಾಗಿಲ್ರಿ, ಅದರ ದಮ್ಮಷ್ಟೇ ತಯಾರಾಗ್ಯದ. ಎದಿ, ಪುಪ್ಪುಸ ಕೆಲವೇ ವಾರದಾಗ ಪಳಗ್ತಾವ, ಮಾಂಸಖಂಡಕ್ಕ ಒಂದೆರಡು ತಿಂಗಳು ಬೇಕು, ಆದ್ರ ಎಲುಬು ಮತ್ತ ಕಾಲಿನ ಹಿಂದ ಹಗ್ಗದಂಗ ಇರ್ತದಲ್ಲ ಆ ನರ, ಡಾಕ್ಟರು ಟೆಂಡನ್ ಅಂತಾರ, ಅವಕ್ಕ ಆರು ತಿಂಗಳಿಂದ ಒಂದು ವರ್ಷ ಹಿಡೀತದ. ನಾವು ನೋಡೂದು ದಮ್ಮು, ಭಾರ ಹೊರೂದು ಕಾಲು. ಕುದುರಿಗಿ ಮೊಣಕಾಲಿನ ಕೆಳಗ ಮಾಂಸಾನೇ ಇಲ್ಲ ಅನ್ನಬೇಕು, ಬರೀ ಎಲುಬು, ನರ, ತೊಗಲು, ಮ್ಯಾಲೆ ಮೈ ಭಾರದಾಗ ಸುಮಾರು 60 ಪರ್ಸೆಂಟ್ ಮುಂಗಾಲ ಮ್ಯಾಲೇ ಬೀಳ್ತದ.

ಎಲುಬಿಂದು ಇನ್ನೊಂದು ಮಜಾ ಅದ. ಕೆಲಸ ಜಾಸ್ತಿ ಬಿದ್ದಾಗ ಅದು ಮೊದ್ಲು ಹಳೀದನ್ನ ಕರಗಿಸಿ ಆಮ್ಯಾಲ ಹೊಸಾದು ಕಟ್ತದ, ಗ್ವಾಡಿ ಕೆಡವಿ ಕಟ್ಟಿದಂಗ. ಆ ನಡುವಿನ ಟೈಮದಾಗ ಎಲುಬು ಸ್ವಲ್ಪ ಕಚ್ಚಾನೇ ಇರ್ತದ, ನಾವು ಅದೇ ಟೈಮಿಗೆ ಕುದುರಿ ಭಾರಿ ಓಡ್ಲಿಕತ್ತದ ಅಂತ ಖುಷಿಪಟ್ಟು ಇನ್ನೂ ಜೋರ ಬಿಡ್ತೀವಿ.

ಹೊಸಾ ಕುದುರಿಗಿ ಮೊದ್ಲ ನಾಲ್ಕರಿಂದ ಆರು ವಾರ ಬರೀ ನಡಿಗಿ. ಬ್ಯಾಸರ ಬರ್ತದ, ಬರ್ಲಿ. ಆಮ್ಯಾಲ ಸ್ವಲ್ಪ ಸ್ವಲ್ಪ ದುಡಕಿ, ಅಂದ್ರ ನಡಿಗಿಗಿಂತ ಜೋರಿನ ಹಗೂರ ಓಟ, ನಾಗಾಲೋಟ ಎಲ್ಲಾಕ್ಕಿಂತ ಕಡೀಕ. ಒಂದೇ ವಾರದಾಗ ದೂರಾನೂ ಜೋರೂ ಎರಡೂ ಏರಿಸಬ್ಯಾಡ್ರಿ, ಒಂದಿನ ಜೋರ ಓಡಿಸಿದ್ರ ಮರುದಿನ ಹಗೂರ ಕೆಲಸ. ಡಾಂಬರ ರಸ್ತೆ ಮ್ಯಾಲೆ ಓಡ್ಸಿದ್ರ ಕಾಲಿಗೆ ಪೆಟ್ಟು, ಅದಕ್ಕ ಬೋರಿ ಹೊಳಿ ಉಸುಕು ಮೆತ್ತಗದ ಅಂತ ಅಲ್ಲಿ ಓಡಸ್ತಾರಲ್ಲ, ಅದೂ ತಪ್ಪೇ, ಕಾಲು ಹುಗಿಯೋ ಉಸುಕಿನಾಗ ನರ ಜಗ್ಗತದ. ಬಿರುಕು ಬಿಟ್ಟ ಎರಿ ಹೊಲಾ ಅಂತೂ ಬ್ಯಾಡೇ ಬ್ಯಾಡ. ಗೊರಸು ಆರು-ಎಂಟು ವಾರಕ್ಕೊಮ್ಮೆ ಕೆತ್ತಿಸ್ರಿ, ಮುಂದ ಉದ್ದ ಬೆಳದ್ರ ಅದೇ ನರದ ಮ್ಯಾಲೆ ಭಾರ.

ದಿನಾ ಮುಂಜಾನಿ ಲಗಾಮು ಹಾಕೂಕ್ಕಿಂತ ಮೊದ್ಲ ನಾಕೂ ಕಾಲು ಕೈಲಿಂದ ಸವರ್ರಿ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿ ಇತ್ತಂದ್ರ, ಇಲ್ಲಾ ಹಿಂದಿನ ನರ ಸ್ವಲ್ಪ ಉಬ್ಬಿತ್ತಂದ್ರ ಅವತ್ತು ರಜಾ. ಕುಂಟೂಕ್ಕಿಂತ ಮೊದ್ಲೇ ಕೈಗೆ ಗೊತ್ತಾಗ್ತದ, ನನಗೂ ಒಂದು ಕುದುರಿ ಕಳಕೊಂಡ ಮ್ಯಾಲೇ ಈ ಅಭ್ಯಾಸ ಬಂತು. ನಾಡಿ ದವಡಿ ಕೆಳಗ ಸಿಗ್ತದ, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸ್ರಿ, ಸುಮ್ನ ನಿಂತಾಗ 28ರಿಂದ 44 ಇರ್ತದ, ಓಡಿ ಬಂದು ಅರ್ಧ ತಾಸಾದ್ರೂ 64ರ ಕೆಳಗ ಇಳೀಲಿಲ್ಲ ಅಂದ್ರ ಅವತ್ತಿನ ಕೆಲಸ ಅದಕ್ಕ ಹೆಚ್ಚಾತು.

ಈಗ ನಿಮ್ಮ ಕುದುರಿ. ಓಡಿಸೂದು ಇವತ್ತೇ ನಿಲ್ಲಸ್ರಿ, ಆ ಕಾಲಿಗೆ ತಣ್ಣೀರು ಹಾಕ್ರಿ, ಡಾಕ್ಟರಿಗೆ ತೋರ್ಸಿ ನರದ ಸ್ಕ್ಯಾನಿಂಗ್ ಮಾಡಸ್ರಿ. ಯಾರರೆ ಬ್ಯಾನಿ ಇಂಜೆಕ್ಷನ್ ಹೊಡದು ಓಡಸೂಣು ಅಂದ್ರ ಕೇಳಬ್ಯಾಡ್ರಿ, ನೋವು ಮುಚ್ತದ, ಹರದ ನರ ಹರದೇ ಇರ್ತದ. ನರ ಖರೇನೇ ಹರದಿದ್ರ 9ರಿಂದ 12 ತಿಂಗಳು ಬೇಕು, ಹದಿನೈದು ದಿನಕ್ಕ ಕುಂಟೂದು ನಿಂತ್ರೂ ಅಷ್ಟೇ. ಜಾತ್ರಿ ಓಟದಾಗ ಹೆಸರು ಕೊಟ್ಟಿದ್ರ ತಗಸಿಬಿಡ್ರಿ.